ಸೊಂಟದ ಪಿಸ್ತೂಲು, ರಸ್ತೆಬದಿಯ ತಪಾಸಣೆ: ಅಮೆರಿಕದ ಕಾನೂನಿನಲ್ಲಿ ಎರಡು ಗೃಹೀತಗಳ ಘರ್ಷಣೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪೊಲೀಸರು ಪ್ರತಿವರ್ಷ ಸುಮಾರು 2 ಕೋಟಿ ವಾಹನ ಚಾಲಕರನ್ನು ರಸ್ತೆಬದಿಯಲ್ಲಿ ನಿಲ್ಲಿಸಿ ವಿಚಾರಿಸುತ್ತಾರೆ. ಅತಿವೇಗ, ಕೆಟ್ಟುಹೋದ ಹಿಂದೀಪ, ಅವಧಿ ಮುಗಿದ ನಂಬರ್ ಪ್ಲೇಟ್ ಮುಂತಾದ ಸಣ್ಣ ಕಾರಣಗಳಿಗಾಗಿ ನಡೆಯುವ ಈ ತಡೆಗಳಲ್ಲಿ ಹೆಚ್ಚಿನವು ಎಚ್ಚರಿಕೆಯ ಮಾತಿನಲ್ಲೋ ದಂಡದ ಚೀಟಿಯಲ್ಲೋ ಮುಗಿದುಹೋಗುತ್ತವೆ. ಆದರೆ ಸಾಮಾನ್ಯ ನಾಗರಿಕರು ಗುಂಡು ತುಂಬಿದ ಪಿಸ್ತೂಲನ್ನು ಸೊಂಟದಲ್ಲಿಯೋ ಕಾರಿನ ಖಾನೆಯಲ್ಲಿಯೋ ಇಟ್ಟುಕೊಂಡು ಓಡಾಡುವುದಕ್ಕೆ ಆ ದೇಶದ ಕಾನೂನು ಅವಕಾಶ ಕೊಟ್ಟಿರುವುದರಿಂದ, ಹೀಗೆ ನಿಲ್ಲಿಸಲ್ಪಟ್ಟವರಲ್ಲಿ ಗಣನೀಯ ಪಾಲಿನವರು ಯಾವ ಅಪರಾಧವನ್ನೂ ಮಾಡದೆಯೇ ಶಸ್ತ್ರಧಾರಿಗಳಾಗಿರುತ್ತಾರೆ. ಅಂಥವರು ಪೊಲೀಸರಿಗೆ ಏನನ್ನು, ಯಾವಾಗ, ಹೇಗೆ ಹೇಳಬೇಕು, ಹೇಳಿದ ಮೇಲೆ ಪೊಲೀಸರು ಏನು ಮಾಡಬಹುದು, ಏನು ಮಾಡಬಾರದು ಎಂಬ ಪ್ರಶ್ನೆಗಳಿಗೆ ಅರ್ಧ ಶತಮಾನದಿಂದ ಶಾಸನಸಭೆಗಳೂ ನ್ಯಾಯಾಲಯಗಳೂ ಬೇರೆಬೇರೆ ಉತ್ತರಗಳನ್ನು ಕೊಡುತ್ತ ಬಂದಿವೆ. ಆ ಉತ್ತರಗಳನ್ನು ಒಟ್ಟಾಗಿ ಇಟ್ಟು ನೋಡಿ, ಅವುಗಳ ನಡುವಣ ಬಿರುಕು ಎಲ್ಲಿದೆ ಎಂಬುದನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಆ ಬಿರುಕಿನ ಮೂಲದಲ್ಲಿ ಪರಸ್ಪರ ಒಪ್ಪದ ಎರಡು ಗೃಹೀತಗಳಿವೆ. ಶಸ್ತ್ರ ಒಯ್ಯುವ ಹಕ್ಕನ್ನು ಕುರಿತ ಕಾನೂನು, ಒಬ್ಬನ ಬಳಿ ಬಂದೂಕು ಇದೆ ಎಂಬ ಕಾರಣಕ್ಕೆ ಅವನನ್ನು ಅಪಾಯಕಾರಿ ಎಂದು ಎಣಿಸಕೂಡದು ಎಂಬ ನಂಬಿಕೆಯ ಮೇಲೆ ನಿಂತಿದೆ. ಪೊಲೀಸರ ತಡೆಯುವ ಅಧಿಕಾರವನ್ನು ಕುರಿತ ಕಾನೂನಾದರೋ, ಬಂದೂಕು ಇರುವವನು ಎದುರಿಗಿರುವ ಅಧಿಕಾರಿಗೆ ಅಪಾಯಕಾರಿಯಾಗಬಲ್ಲ ಎಂಬ ಎಣಿಕೆಯಿಂದ ಹೊರಟಿದೆ. ಎರಡೂ ತಮ್ಮ ತಮ್ಮ ನೆಲೆಯಲ್ಲಿ ಸಕಾರಣವಾಗಿಯೇ ಬೆಳೆದವು. ಅವು ಮುಖಾಮುಖಿಯಾಗುವ ಸ್ಥಳ ಮಾತ್ರ ನ್ಯಾಯಾಲಯಕ್ಕಿಂತ ಮೊದಲು ರಸ್ತೆಬದಿಯೇ ಆಗಿರುತ್ತದೆ.

ಒಯ್ಯುವ ಹಕ್ಕು ಬೆಳೆದ ಬಗೆ

ಅಮೆರಿಕದ ಸಂವಿಧಾನದ ಎರಡನೆಯ ತಿದ್ದುಪಡಿ ಶಸ್ತ್ರ ಹೊಂದುವ ಮತ್ತು ಧರಿಸುವ ಹಕ್ಕಿನ ಮಾತನ್ನಾಡುತ್ತದೆಯಾದರೂ, ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿ ಒಯ್ಯುವುದು ಹೆಚ್ಚಿನ ರಾಜ್ಯಗಳಲ್ಲಿ ನಿಷಿದ್ಧವಾಗಿತ್ತು ಅಥವಾ ಸ್ಥಳೀಯ ಅಧಿಕಾರಿಯ ಮರ್ಜಿಯನ್ನು ಅವಲಂಬಿಸಿತ್ತು. ಅರ್ಜಿದಾರನಿಗೆ ತಕ್ಕ ಕಾರಣವಿದೆಯೇ, ಅವನು ನಂಬಿಕೆಗೆ ಅರ್ಹನೇ ಎಂಬುದನ್ನು ಷೆರಿಫ್, ಅಂದರೆ ಜಿಲ್ಲೆಗೆ ಸಮಾನವಾದ ಕೌಂಟಿಯ ಪೊಲೀಸ್ ಮುಖ್ಯಸ್ಥ, ಅಥವಾ ನ್ಯಾಯಾಧೀಶ ನಿರ್ಧರಿಸುತ್ತಿದ್ದ ಈ ಏರ್ಪಾಟನ್ನು ವಿವೇಚನಾಧೀನ ಪರವಾನಗಿ ಎನ್ನಬಹುದು. ಇದಕ್ಕೆ ಪ್ರತಿಯಾಗಿ, ವಯಸ್ಸು, ತರಬೇತಿ, ಅಪರಾಧದ ಹಿನ್ನೆಲೆ ಇಲ್ಲದಿರುವಿಕೆ ಮುಂತಾದ ನಿಗದಿತ ಷರತ್ತುಗಳನ್ನು ಪೂರೈಸಿದವನಿಗೆ ಪರವಾನಗಿಯನ್ನು ಕೊಡಲೇಬೇಕು ಎನ್ನುವ ಕಡ್ಡಾಯ ಪರವಾನಗಿಯ ಪದ್ಧತಿ, 1987ರಲ್ಲಿ ಫ್ಲಾರಿಡಾ ರಾಜ್ಯ ಅಂಥ ಕಾನೂನನ್ನು ಮಾಡಿದ ನಂತರ ಒಂದೊಂದೇ ರಾಜ್ಯಕ್ಕೆ ಹಬ್ಬಿತು.

ಮೂರನೆಯ ಹಂತದಲ್ಲಿ ಪರವಾನಗಿಯೇ ಬೇಡ ಎನ್ನುವ ಕಾನೂನುಗಳು ಬಂದವು. ವರ್ಮಾಂಟ್ ರಾಜ್ಯದಲ್ಲಿ 1903ರ ನ್ಯಾಯಾಲಯದ ತೀರ್ಪಿನಿಂದಾಗಿ ಪರವಾನಗಿಯ ಪದ್ಧತಿ ಬೇರೂರಲೇ ಇಲ್ಲ. ಅಲಾಸ್ಕಾ 2003ರಲ್ಲಿ, ಅರಿಜೋನ 2010ರಲ್ಲಿ, ಟೆಕ್ಸಾಸ್ 2021ರಲ್ಲಿ, ಒಹಾಯೊ 2022ರಲ್ಲಿ ಅದೇ ದಾರಿ ಹಿಡಿದವು. 2024ರ ಹೊತ್ತಿಗೆ ಇಂಥ ರಾಜ್ಯಗಳ ಸಂಖ್ಯೆ 29ಕ್ಕೆ ಏರಿತು. ಈ ನಡುವೆ ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ಪ್ರಕರಣದಲ್ಲಿ ಮನೆಯೊಳಗೆ ಆತ್ಮರಕ್ಷಣೆಗಾಗಿ ಕೈಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದೂ, 2010ರ ಮೆಕ್‌ಡೊನಾಲ್ಡ್ ಪ್ರಕರಣದಲ್ಲಿ ಆ ಹಕ್ಕು ರಾಜ್ಯಗಳನ್ನೂ ಬದ್ಧಗೊಳಿಸುತ್ತದೆ ಎಂದೂ, 2022ರ ಬ್ರೂಯೆನ್ ಪ್ರಕರಣದಲ್ಲಿ ಅದು ಮನೆಯ ಹೊರಗೂ ಅನ್ವಯಿಸುತ್ತದೆ ಎಂದೂ ಹೇಳಿತು. ಬ್ರೂಯೆನ್ ತೀರ್ಪಿನಿಂದ ಬಿದ್ದುಹೋದದ್ದು, ವಿಶೇಷ ಕಾರಣ ತೋರಿಸಿದವರಿಗಷ್ಟೇ ಪರವಾನಗಿ ಕೊಡುತ್ತಿದ್ದ ನ್ಯೂಯಾರ್ಕ್ ರಾಜ್ಯದ ಶತಮಾನದಷ್ಟು ಹಳೆಯ ನಿಯಮ.

ಈ ಬೆಳವಣಿಗೆಯ ಒಂದು ಪರಿಣಾಮವನ್ನು ಹಕ್ಕಿನ ಪರ ಮತ್ತು ವಿರೋಧದ ವಾದಗಳೆರಡೂ ಸಾಮಾನ್ಯವಾಗಿ ಗಮನಿಸುವುದಿಲ್ಲ. ಯಾರ ಕೈಯಲ್ಲಿ ಬಂದೂಕನ್ನು ನಂಬಬಹುದು ಎಂಬ ತೀರ್ಮಾನವನ್ನು ಹಿಂದೆ ಕಚೇರಿಯ ಮೇಜಿನ ಹಿಂದೆ ಕುಳಿತ ಅಧಿಕಾರಿ ಕಾಗದಪತ್ರ ನೋಡಿ, ವಾರಗಟ್ಟಲೆ ಸಮಯ ತೆಗೆದುಕೊಂಡು ಮಾಡುತ್ತಿದ್ದ. ಕಾನೂನು ಆ ವಿವೇಚನೆಯನ್ನು ಕಚೇರಿಯಿಂದ ಕಿತ್ತುಹಾಕಿತಾದರೂ ಅದು ಇಲ್ಲವಾಗಲಿಲ್ಲ. ಗಸ್ತಿನಲ್ಲಿರುವ ಅಧಿಕಾರಿ ಕಾರಿನ ಕಿಟಕಿಯ ಬಳಿ ನಿಂತು, ಕಾಗದವಿಲ್ಲದೆ, ಕೆಲವು ಕ್ಷಣಗಳಲ್ಲಿ ಅದನ್ನು ಚಲಾಯಿಸುವಂತಾಯಿತು. ಮಿಚಿಗನ್‌ನಂಥ ರಾಜ್ಯಗಳಲ್ಲಿ ಪೊಲೀಸರು ಚಾಲನಾ ಪರವಾನಗಿಯ ವಿವರವನ್ನು ಕಂಪ್ಯೂಟರ್‌ಗೆ ಹಾಕಿದರೆ ಬಂದೂಕಿನ ಪರವಾನಗಿಯ ಮಾಹಿತಿಯೂ ಸಿಗುತ್ತದೆ. ಪರವಾನಗಿಯೇ ಬೇಕಿಲ್ಲದ ಕಡೆ ಆ ಸುಳಿವೂ ಪೂರ್ಣವಾಗಿ ಉಳಿಯುವುದಿಲ್ಲ.

ತಡೆಯುವ ಅಧಿಕಾರ ಬೆಳೆದ ಬಗೆ

ಪೊಲೀಸರ ಅಧಿಕಾರದ ಕಥೆ 1968ರ ಟೆರಿ ಪ್ರಕರಣದಿಂದ ಆರಂಭವಾಗುತ್ತದೆ. 1963ರಲ್ಲಿ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮಾರ್ಟಿನ್ ಮೆಕ್‌ಫ್ಯಾಡನ್ ಎಂಬ ಪತ್ತೇದಾರ, ಅಂಗಡಿಯೊಂದರ ಮುಂದೆ ಮತ್ತೆ ಮತ್ತೆ ಸುಳಿದಾಡುತ್ತಿದ್ದವರನ್ನು ಕಂಡು, ದರೋಡೆಗೆ ಹೊಂಚುಹಾಕುತ್ತಿರಬಹುದೆಂದು ಅನುಮಾನಿಸಿ, ಅವರ ಮೈಯನ್ನು ಹೊರಬಟ್ಟೆಯ ಮೇಲಿಂದ ತಡವಿದಾಗ ಪಿಸ್ತೂಲುಗಳು ಸಿಕ್ಕವು. ಸಂವಿಧಾನದ ನಾಲ್ಕನೆಯ ತಿದ್ದುಪಡಿ ಅಕಾರಣ ಶೋಧನೆಯಿಂದ ನಾಗರಿಕರನ್ನು ರಕ್ಷಿಸುತ್ತದೆ. ಆದರೂ ಸುಪ್ರೀಂ ಕೋರ್ಟ್ ಈ ಮೈತಡವಿಕೆಯನ್ನು ಎತ್ತಿಹಿಡಿಯಿತು. ಬಂಧನಕ್ಕೆ ಬೇಕಾಗುವ ಗಟ್ಟಿಯಾದ ಆಧಾರ ಇಲ್ಲದಿದ್ದರೂ, ವಿವರಿಸಿ ಹೇಳಬಹುದಾದ ಸಂಗತಿಗಳ ಮೇಲೆ ನಿಂತ ಅನುಮಾನ, ಅಂದರೆ ಕಾನೂನಿನ ಮಾತಿನಲ್ಲಿ ಸಮಂಜಸ ಅನುಮಾನ, ಇದ್ದರೆ ವ್ಯಕ್ತಿಯನ್ನು ಸ್ವಲ್ಪ ಹೊತ್ತು ತಡೆಯಬಹುದು. ಅವನು ಶಸ್ತ್ರಧಾರಿಯೂ ಅಪಾಯಕಾರಿಯೂ ಆಗಿದ್ದಾನೆ ಎಂದು ನಂಬಲು ಕಾರಣವಿದ್ದರೆ ಶಸ್ತ್ರಕ್ಕಾಗಿ ಮೈ ತಡವಬಹುದು ಎಂಬುದು ಅಲ್ಲಿ ಹುಟ್ಟಿದ ಸೂತ್ರ.

ಈ ಸೂತ್ರ ಹುಟ್ಟಿದ ಕಾಲದ ಒಹಾಯೊದಲ್ಲಿ ಪಿಸ್ತೂಲನ್ನು ಮರೆಯಲ್ಲಿ ಒಯ್ಯುವುದು ಸಾಮಾನ್ಯವಾಗಿ ಅಪರಾಧವೇ ಆಗಿತ್ತು. ಮೆಕ್‌ಫ್ಯಾಡನ್ ತಡವಿದವರಲ್ಲಿ ಒಬ್ಬನಾದ ಟೆರಿಗೆ ಶಿಕ್ಷೆಯಾದದ್ದು ಅದೇ ಅಪರಾಧಕ್ಕೆ, ಮತ್ತು ಆ ರಾಜ್ಯ ಅದಕ್ಕೆ ಪರವಾನಗಿ ಕೊಡತೊಡಗಿದ್ದು 2004ರಲ್ಲಿ. ಹೀಗಾಗಿ ಶಸ್ತ್ರ ಇರುವುದು ಬೇರೆ, ಅಪಾಯ ಒಡ್ಡುವುದು ಬೇರೆ ಎಂದು ಬಿಡಿಸಿ ನೋಡುವ ಅಗತ್ಯವೇ ಆಗ ನ್ಯಾಯಾಲಯಕ್ಕೆ ಬೀಳಲಿಲ್ಲ. ನಾಲ್ಕು ವರ್ಷಗಳ ನಂತರ, ಕನೆಕ್ಟಿಕಟ್‌ನಿಂದ ಬಂದ ಆಡಮ್ಸ್ ಪ್ರಕರಣದಲ್ಲಿ ಆ ಅಗತ್ಯ ತಲೆದೋರಿತು. ಪರವಾನಗಿ ಇದ್ದವರು ಶಸ್ತ್ರ ಒಯ್ಯಬಹುದೆಂದು ಆ ರಾಜ್ಯದ ಕಾನೂನೇ ಹೇಳುವಾಗ, ಬಂದೂಕು ಇದೆಯೆಂಬ ಸುದ್ದಿಯಿಂದ ಏನನ್ನು ಅನುಮಾನಿಸಬೇಕು ಎಂದು ನ್ಯಾಯಮೂರ್ತಿ ಡಗ್ಲಸ್ ತಮ್ಮ ಭಿನ್ನಮತದಲ್ಲಿ ಆಕ್ಷೇಪಿಸಿದರು. ಬಹುಮತದ ತೀರ್ಪು ಅದನ್ನು ಒಪ್ಪದೆ, ಶಸ್ತ್ರ ಕಾನೂನುಬದ್ಧವೋ ಅಲ್ಲವೋ ಎಂಬುದು ಅಧಿಕಾರಿಯ ಸುರಕ್ಷತೆಯ ಪ್ರಶ್ನೆಯಲ್ಲಿ ಮುಖ್ಯವಾಗುವುದಿಲ್ಲ ಎಂದಿತು. ಕಾರಿನಲ್ಲಿ ಕೈಗೆಟುಕುವ ಜಾಗಗಳನ್ನೂ ಶಸ್ತ್ರಕ್ಕಾಗಿ ಶೋಧಿಸಬಹುದೆಂದ 1983ರ ಮಿಚಿಗನ್ ವಿರುದ್ಧ ಲಾಂಗ್ ತೀರ್ಪು ಅದೇ ಮಾತನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಿತು.

ವಾಹನ ತಡೆಯ ವಿಷಯದಲ್ಲಿ 1977ರ ಪೆನ್ಸಿಲ್ವೇನಿಯಾ ವಿರುದ್ಧ ಮಿಮ್ಸ್ ತೀರ್ಪು ಇನ್ನೊಂದು ಮೈಲಿಗಲ್ಲು. ಅವಧಿ ಮೀರಿದ ನಂಬರ್ ಪ್ಲೇಟ್‌ಗಾಗಿ ನಿಲ್ಲಿಸಲ್ಪಟ್ಟ ಚಾಲಕ ಪೊಲೀಸರ ಮಾತಿನಂತೆ ಕೆಳಗಿಳಿದಾಗ ಅವನ ಜಾಕೆಟ್ ಉಬ್ಬಿದ್ದು ಕಂಡಿತು. ತಡವಿ ನೋಡಿದರೆ ಗುಂಡು ತುಂಬಿದ ರಿವಾಲ್ವರ್ ಸಿಕ್ಕಿತು. ನ್ಯಾಯಬದ್ಧವಾಗಿ ನಿಲ್ಲಿಸಿದ ವಾಹನದಿಂದ ಚಾಲಕನನ್ನು ಕೆಳಗಿಳಿಸಲು ಬೇರೆ ಕಾರಣವೇ ಬೇಡ ಎಂದು ಅಲ್ಲಿ ತೀರ್ಮಾನವಾಯಿತು. 1997ರ ಮೇರಿಲ್ಯಾಂಡ್ ವಿರುದ್ಧ ವಿಲ್ಸನ್ ತೀರ್ಪು ಅದನ್ನು ಜೊತೆಗಿರುವ ಪ್ರಯಾಣಿಕರಿಗೂ ವಿಸ್ತರಿಸಿತು. ಈ ಅಧಿಕಾರಕ್ಕೆ ಎಲ್ಲೆಗಳೂ ಇಲ್ಲದಿಲ್ಲ. ಬಸ್ ತಂಗುದಾಣದಲ್ಲಿ ನಿಂತ ಹುಡುಗನ ಬಳಿ ಬಂದೂಕು ಇದೆಯೆಂಬ ಅನಾಮಧೇಯ ಕರೆಯೊಂದೇ ಮೈತಡವಿಕೆಗೆ ಸಾಲದು, ಬಂದೂಕಿನ ಮಾತು ಬಂದೊಡನೆ ನಿಯಮವನ್ನು ಸಡಿಲಿಸಲಾಗದು ಎಂದು 2000ದ ಫ್ಲಾರಿಡಾ ವಿರುದ್ಧ ಜೆ. ಎಲ್. ಪ್ರಕರಣದಲ್ಲಿ ನ್ಯಾಯಾಲಯ ಒಮ್ಮತದಿಂದ ಹೇಳಿತು. ತಡೆಗೆ ಕಾರಣವಾದ ಕೆಲಸ ಮುಗಿದ ಮೇಲೆ ಅನುಮಾನಕ್ಕೆ ಆಧಾರವಿಲ್ಲದೆ ಚಾಲಕನನ್ನು ಹಿಡಿದಿಡಬಾರದು ಎಂಬುದು 2015ರ ರಾಡ್ರಿಗಸ್ ತೀರ್ಪಿನ ಸಾರ.

ನ್ಯಾಯಾಲಯಗಳ ನಡುವಣ ಭಿನ್ನಮತ

ಒಯ್ಯುವ ಹಕ್ಕು ವ್ಯಾಪಕವಾದಂತೆ ಕೆಳಹಂತದ ನ್ಯಾಯಾಲಯಗಳು ಹಳೆಯ ಸೂತ್ರವನ್ನು ಹೊಸ ಸಂಗತಿಗಳಿಗೆ ಹೊಂದಿಸಬೇಕಾಯಿತು. 2010ರಲ್ಲಿ ಒಹಾಯೊದ ಟೊಲೀಡೊ ನಗರದಲ್ಲಿ ಒಬ್ಬ ವ್ಯಕ್ತಿ ಸೊಂಟದ ಚೀಲದಲ್ಲಿ ಕಾಣುವಂತೆ ಪಿಸ್ತೂಲು ಸಿಕ್ಕಿಸಿಕೊಂಡು, ಹೆಂಡತಿ, ಮಗಳು, ಮೊಮ್ಮಗ ಹಾಗೂ ನಾಯಿಯೊಂದಿಗೆ ಸಂಜೆಯ ನಡಿಗೆಗೆ ಹೊರಟಿದ್ದ. ದಾರಿಹೋಕನೊಬ್ಬ ಪೊಲೀಸರಿಗೆ ಕರೆಮಾಡಿದ. ಬಂದ ಅಧಿಕಾರಿ ಪಿಸ್ತೂಲನ್ನು ಕಿತ್ತುಕೊಂಡು ಅವನಿಗೆ ಕೈಕೋಳ ತೊಡಿಸಿದ. ಬಂದೂಕನ್ನು ಬಹಿರಂಗವಾಗಿ ಧರಿಸಲು ರಾಜ್ಯದ ಕಾನೂನೇ ಅನುಮತಿ ಕೊಟ್ಟಿರುವಾಗ, ಅನುಮತಿ ಇರುವ ಕೆಲಸವನ್ನೇ ಅನುಮಾನದ ಆಧಾರವಾಗಿ ಮಾಡಿಕೊಳ್ಳುವಂತಿಲ್ಲ ಎಂದು ಆರನೆಯ ವಲಯದ ಫೆಡರಲ್ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ತೀರ್ಪಿತ್ತಿತು. ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ 2019ರಲ್ಲಿ, ಪೆಟ್ರೋಲ್ ಬಂಕ್ ಒಂದರಲ್ಲಿ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಾಗ ಕಣ್ಗಾವಲು ಕ್ಯಾಮೆರಾದಲ್ಲಿ ಕಂಡ ಪರವಾನಗಿದಾರನ ಪ್ರಕರಣದಲ್ಲಿ, ಮರೆಯಲ್ಲಿ ಒಯ್ಯುವವರಿಗೂ ಇದೇ ತರ್ಕವನ್ನು ಅನ್ವಯಿಸಿತು.

ನಾಲ್ಕನೆಯ ವಲಯದ ನ್ಯಾಯಾಲಯದ ನಡೆ ಹೆಚ್ಚು ಕುತೂಹಲಕರ. ಬಹಿರಂಗವಾಗಿ ಬಂದೂಕು ಧರಿಸುವುದು ಕಾನೂನುಬದ್ಧವಾದ ಕಡೆ ಅದೊಂದೇ ತಡೆಗೆ ಕಾರಣವಾಗದು ಎಂದು 2013ರ ಬ್ಲ್ಯಾಕ್ ಪ್ರಕರಣದಲ್ಲಿ ಹೇಳಿದ ಅದೇ ನ್ಯಾಯಾಲಯ, 2017ರ ರಾಬಿನ್ಸನ್ ಪ್ರಕರಣದಲ್ಲಿ ಬೇರೊಂದು ಮಾತು ಹೇಳಿತು. ವೆಸ್ಟ್ ವರ್ಜೀನಿಯಾದ ರಾನ್ಸನ್ ಎಂಬ ಸಣ್ಣ ಊರಿನಲ್ಲಿ, ಅಂಗಡಿಯ ಮುಂದೆ ಒಬ್ಬ ಪಿಸ್ತೂಲಿಗೆ ಗುಂಡು ತುಂಬಿ ಜೇಬಿನಲ್ಲಿಟ್ಟುಕೊಂಡು ಕಾರು ಹತ್ತಿದನೆಂಬ ಸುದ್ದಿ ಬಂದ ಮೇಲೆ, ಸೀಟ್ ಬೆಲ್ಟ್ ಕಟ್ಟದಿರುವುದಕ್ಕಾಗಿ ಪೊಲೀಸರು ಆ ಕಾರನ್ನು ನಿಲ್ಲಿಸಿದ್ದರು. ಪರವಾನಗಿ ಇರುವವರು ಹಾಗೆ ಒಯ್ಯಲು ಆ ರಾಜ್ಯದಲ್ಲಿ ಅವಕಾಶವಿತ್ತು. ಆದರೂ ಬೇರೆ ಕಾರಣಕ್ಕೆ ನ್ಯಾಯಬದ್ಧವಾಗಿ ತಡೆಯಲ್ಪಟ್ಟವನ ಬಳಿ ಬಂದೂಕು ಇದ್ದರೆ, ಆ ಇರುವಿಕೆಯಿಂದಲೇ ಅಪಾಯವೂ ಸಿದ್ಧವಾಗುತ್ತದೆ, ಆದ್ದರಿಂದ ಮೈ ತಡವಬಹುದು ಎಂದು ನ್ಯಾಯಾಲಯದ ಬಹುಮತ ನಿರ್ಣಯಿಸಿತು.

ಈ ತೀರ್ಪುಗಳನ್ನು ಒಟ್ಟಿಗೆ ಓದಿದರೆ ದೊರೆಯುವ ಚಿತ್ರ ವಿಚಿತ್ರವಾಗಿದೆ. ಕಾಲ್ನಡಿಗೆಯಲ್ಲಿ ಸಾಗುವ ಶಸ್ತ್ರಧಾರಿಯನ್ನು ಬಂದೂಕಿನ ಕಾರಣಕ್ಕಾಗಿ ತಡೆಯುವಂತಿಲ್ಲ. ಅವನೇ ಕಾರಿನಲ್ಲಿ ಕುಳಿತು ಸೀಟ್ ಬೆಲ್ಟ್ ಮರೆತರೆ, ಅದೇ ಬಂದೂಕು ಅವನನ್ನು ಕೆಳಗಿಳಿಸಿ ಮೈ ತಡವಲು ಸಾಕಾದ ಕಾರಣವಾಗಬಹುದು. ವಾಹನ ಓಡಿಸುವ ಯಾರೇ ಆದರೂ ಒಂದಲ್ಲ ಒಂದು ಸಂಚಾರ ನಿಯಮವನ್ನು ಅರಿಯದೆಯಾದರೂ ಮುರಿಯುತ್ತಿರುತ್ತಾರೆ ಎಂಬುದನ್ನು ನೆನೆದರೆ, ಹಕ್ಕಿನ ವ್ಯಾಪ್ತಿಯನ್ನು ಕೊನೆಗೆ ನಿರ್ಧರಿಸುವುದು ಯಾರನ್ನು ನಿಲ್ಲಿಸಬೇಕೆಂಬ ಪೊಲೀಸರ ಆಯ್ಕೆಯೇ ಎಂಬುದು ಸ್ಪಷ್ಟವಾಗುತ್ತದೆ.

ತಿಳಿಸುವ ಕರ್ತವ್ಯ

ರಾಜ್ಯಗಳ ಶಾಸನಸಭೆಗಳು ಈ ಘರ್ಷಣೆಗೆ ಕಂಡುಕೊಂಡ ಪರಿಹಾರವೆಂದರೆ ತಿಳಿಸುವ ಕರ್ತವ್ಯ. ಪೊಲೀಸರು ತಡೆದಾಗ ತನ್ನ ಬಳಿ ಬಂದೂಕು ಇರುವುದನ್ನು ನಾಗರಿಕನೇ ಹೇಳಬೇಕೆಂಬ ಈ ಕಟ್ಟಳೆ ಸ್ಥೂಲವಾಗಿ ಮೂರು ರೂಪಗಳಲ್ಲಿದೆ. ಮಿಚಿಗನ್, ನಾರ್ತ್ ಕೆರೊಲಿನ, ನೆಬ್ರಾಸ್ಕ, ಅಲಾಸ್ಕಾ, ಲೂಯಿಸಿಯಾನ ಮೊದಲಾದ ರಾಜ್ಯಗಳಲ್ಲಿ ಯಾರೂ ಕೇಳದಿದ್ದರೂ ತಾನಾಗಿಯೇ ಹೇಳಬೇಕು. ಇಲಿನಾಯ್, ಅರಿಜೋನ, ಮಿನೆಸೋಟ ಮುಂತಾದ ಕಡೆ ಅಧಿಕಾರಿ ಕೇಳಿದರೆ ಮಾತ್ರ ಹೇಳಬೇಕು. ವರ್ಮಾಂಟ್‌ನಂಥ ರಾಜ್ಯಗಳಲ್ಲಿ ಇಂಥ ವಿಶೇಷ ಕಟ್ಟಳೆಯೇ ಇಲ್ಲ. ಇವುಗಳ ನಡುವೆ ಬೆರಕೆ ರೂಪಗಳೂ ಇವೆ: ಮೇಯ್ನ್ ರಾಜ್ಯದಲ್ಲಿ ಪರವಾನಗಿ ಇಲ್ಲದೆ ಒಯ್ಯುವವನು ಕೂಡಲೇ ತಿಳಿಸಬೇಕು, ಟೆಕ್ಸಾಸ್‌ನಲ್ಲಿ ಗುರುತಿನ ಚೀಟಿ ಕೇಳಿದಾಗ ಪರವಾನಗಿಯನ್ನೂ ತೋರಿಸಬೇಕೆಂಬ ನಿಯಮ ಪುಸ್ತಕದಲ್ಲಿ ಉಳಿದಿದ್ದರೂ ಅದನ್ನು ಮೀರಿದ್ದಕ್ಕಿದ್ದ ಶಿಕ್ಷೆಯನ್ನು 2009ರಲ್ಲಿ ತೆಗೆದುಹಾಕಲಾಗಿದೆ.

ಕರ್ತವ್ಯಚ್ಯುತಿಗೆ ಇರುವ ದಂಡನೆ ಹಗುರವಾದದ್ದೇನಲ್ಲ. ಮಿಚಿಗನ್‌ನಲ್ಲಿ ಮೊದಲ ಬಾರಿಗೆ 500 ಡಾಲರ್ ದಂಡ ಮತ್ತು ಆರು ತಿಂಗಳ ಪರವಾನಗಿ ಅಮಾನತು ವಿಧಿಸಬಹುದು. ಒಹಾಯೊದಲ್ಲಿ 2022ರವರೆಗೆ ಇದು ಆರು ತಿಂಗಳವರೆಗಿನ ಜೈಲುವಾಸಕ್ಕೆ ಗುರಿಮಾಡಬಲ್ಲ ಅಪರಾಧವಾಗಿತ್ತು. ಆ ವರ್ಷದ ತಿದ್ದುಪಡಿಯ ನಂತರ ಕೇಳಿದರೆ ಹೇಳಿದರೆ ಸಾಕು. ಈ ಕಟ್ಟಳೆಗಳ ಪರವಾಗಿರುವ ವಾದ ಸರಳವಾಗಿದೆ: ಬಂದೂಕು ಇದೆಯೆಂದು ತಾನೇ ಹೇಳಿಕೊಳ್ಳುವವನು ಅದನ್ನು ಬಳಸುವ ಉದ್ದೇಶದವನಾಗಿರುವುದು ವಿರಳ, ಮತ್ತು ಅಧಿಕಾರಿಗೆ ಅನಿರೀಕ್ಷಿತವಾಗಿ ಬಂದೂಕು ಕಾಣುವುದಕ್ಕಿಂತ ಮೊದಲೇ ಮಾತಿನಲ್ಲಿ ತಿಳಿಯುವುದು ಇಬ್ಬರಿಗೂ ಕ್ಷೇಮ. ವಿರುದ್ಧವಾದವೂ ಅಷ್ಟೇ ಗಟ್ಟಿಯಾಗಿದೆ: ಅಕ್ರಮವಾಗಿ ಬಂದೂಕು ಇಟ್ಟುಕೊಂಡವನು ಈ ಕಟ್ಟಳೆಗೆ ಹೆದರಿ ಬಾಯಿಬಿಡುವುದಿಲ್ಲ, ಹಲವು ರಾಜ್ಯಗಳ ಕಾನೂನಿನ ಪದಗಳೇ ಪರವಾನಗಿದಾರನನ್ನು ಮಾತ್ರ ಉದ್ದೇಶಿಸಿರುವುದರಿಂದ, ಹೊಣೆ ಬೀಳುವುದು ನಿಯಮ ಪಾಲಿಸುವವರ ಮೇಲೆಯೇ.

ತಿಳಿಸಿದ ಮೇಲೆ

ಎಷ್ಟು ಬೇಗ ಹೇಳಬೇಕು ಎಂಬುದೇ ಇಕ್ಕಟ್ಟಿನ ಪ್ರಶ್ನೆ ಎಂಬುದಕ್ಕೆ 2011ರಲ್ಲಿ ಒಹಾಯೊದ ಕ್ಯಾಂಟನ್ ನಗರದಲ್ಲಿ ನಡೆದ ಘಟನೆ ಸಾಕ್ಷಿ. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ದಾಖಲಾದ ಆ ತಡೆಯಲ್ಲಿ, ಪರವಾನಗಿ ಹೊಂದಿದ ಚಾಲಕ ಬಂದೂಕಿನ ವಿಷಯವನ್ನು ಹೇಳಲು ಯತ್ನಿಸಿದಾಗ ಅಧಿಕಾರಿ ಅವನನ್ನು ಸುಮ್ಮನಿರಿಸಿದ. ಬಂದೂಕು ಇರುವುದು ಗೊತ್ತಾದ ಮೇಲೆ ಕೆರಳಿ, ಕೊಂದೇಬಿಡಬೇಕಾಗಿತ್ತು ಎಂಬ ಧಾಟಿಯಲ್ಲಿ ಬೆದರಿಸಿ, ತಕ್ಷಣ ತಿಳಿಸಲಿಲ್ಲವೆಂಬ ಆರೋಪವನ್ನೇ ಅವನ ಮೇಲೆ ಹೊರಿಸಿದ. ಆರೋಪ ನಿಲ್ಲಲಿಲ್ಲ; ಅಧಿಕಾರಿಯನ್ನು ಕೆಲಸದಿಂದ ವಜಾ ಮಾಡಲಾಯಿತು. ಹೇಳಬೇಕೆಂಬ ನಿಯಮವಿದ್ದ ರಾಜ್ಯದಲ್ಲಿ, ಹೇಳಲು ಬಿಡಬೇಕೆಂಬ ನಿಯಮ ಇರಲಿಲ್ಲ ಎಂಬುದು ಈ ಪ್ರಸಂಗದಿಂದ ಬಯಲಾಯಿತು.

ಫಿಲಾಂಡೊ ಕ್ಯಾಸ್ಟೀಲ್ ಪ್ರಕರಣ ಇನ್ನೂ ಆಳಕ್ಕೆ ಒಯ್ಯುತ್ತದೆ. ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದ ಶಾಲೆಯೊಂದರ ಊಟದ ಮನೆಯ ಮೇಲ್ವಿಚಾರಕನಾಗಿದ್ದ 32 ವರ್ಷದ ಈ ಕಪ್ಪು ಯುವಕನನ್ನು, ಅದಕ್ಕೆ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಪೊಲೀಸರು ನಲವತ್ತಕ್ಕೂ ಹೆಚ್ಚು ಬಾರಿ ಸಂಚಾರ ಸಂಬಂಧದ ಕಾರಣಗಳಿಗೆ ನಿಲ್ಲಿಸಿದ್ದರು. 2016ರ ಜುಲೈ 6ರ ಸಂಜೆ ಫಾಲ್ಕನ್ ಹೈಟ್ಸ್ ಎಂಬಲ್ಲಿ, ಕೆಟ್ಟ ಬ್ರೇಕ್ ದೀಪವನ್ನು ನೆಪಮಾಡಿ, ದರೋಡೆಯ ಶಂಕಿತನೊಬ್ಬನನ್ನು ಹೋಲುತ್ತಾನೆಂಬ ಅನುಮಾನದಿಂದ ಅಧಿಕಾರಿ ಅವನ ಕಾರನ್ನು ನಿಲ್ಲಿಸಿ, ಚಾಲನಾ ಪರವಾನಗಿ ಮತ್ತು ವಿಮೆಯ ಕಾಗದ ಕೇಳಿದ. ಪಕ್ಕದಲ್ಲಿ ಗೆಳತಿಯೂ ಹಿಂದಿನ ಸೀಟಿನಲ್ಲಿ ಅವಳ ನಾಲ್ಕು ವರ್ಷದ ಮಗಳೂ ಇದ್ದರು. ಕ್ಯಾಸ್ಟೀಲ್ ಶಾಂತವಾದ ದನಿಯಲ್ಲಿ, ಅಧಿಕಾರಿಯನ್ನು ಗೌರವದಿಂದ ಸಂಬೋಧಿಸಿ, ತನ್ನ ಬಳಿ ಬಂದೂಕು ಇದೆಯೆಂದು ತಿಳಿಸಬೇಕಾಗಿದೆ ಎಂದ. ಅದರತ್ತ ಕೈ ಚಾಚಬೇಡ ಎಂದು ಅಧಿಕಾರಿ ಹೇಳಿದ. ಚಾಚುತ್ತಿಲ್ಲ ಎಂದು ಅವನೂ ಗೆಳತಿಯೂ ಹೇಳಿದರು. ಬಂದೂಕಿನ ಮಾತು ಬಂದ ಕೆಲವೇ ಕ್ಷಣಗಳಲ್ಲಿ ಅಧಿಕಾರಿ ಏಳು ಗುಂಡು ಹಾರಿಸಿದ, ಐದು ತಗುಲಿದವು. ಮುಂದಿನ ವರ್ಷ ಜ್ಯೂರಿ, ಅಂದರೆ ಸಾಮಾನ್ಯ ನಾಗರಿಕರ ನ್ಯಾಯಮಂಡಲಿ, ಅಧಿಕಾರಿಯನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿತು. ಕುಟುಂಬಕ್ಕೆ ಸುಮಾರು 30 ಲಕ್ಷ ಡಾಲರ್ ಪರಿಹಾರ ದೊರೆಯಿತು.

ಮಿನೆಸೋಟದ ಕಾನೂನಿನಲ್ಲಿ ಕೇಳದೆಯೇ ಹೇಳುವ ಕರ್ತವ್ಯ ಇಲ್ಲ. ಕ್ಯಾಸ್ಟೀಲ್ ಬಳಿ ಪರವಾನಗಿ ಇತ್ತು, ಮತ್ತು ಅವನು ಕಾನೂನು ಕೇಳಿದ್ದಕ್ಕಿಂತ ಹೆಚ್ಚನ್ನೇ ಮಾಡಿದ್ದ. ಆ ಕಿಟಕಿಯ ಬಳಿ ಅವನ ಮುಂದೆ ಎರಡು ಆಜ್ಞೆಗಳಿದ್ದವು: ಒಂದು, ಕಾಗದ ತೆಗೆದುಕೊಡು, ಇನ್ನೊಂದು, ಕೈ ಚಾಚಬೇಡ. ಕಾಗದ ತೆಗೆಯಲು ಜೇಬಿಗೆ ಕೈ ಹಾಕಲೇಬೇಕಾದವನು ಎರಡನೆಯದನ್ನು ಮುರಿದಂತೆ ಕಾಣುತ್ತಾನೆ. ಶಸ್ತ್ರ ತರಬೇತಿಯ ತರಗತಿಗಳಲ್ಲಿ ಹೇಳಿಕೊಡುವ ಉಪಾಯಗಳೆಲ್ಲ ಈ ಇಕ್ಕಟ್ಟಿನ ಸುತ್ತಲೇ ಇವೆ: ರಾತ್ರಿಯಾದರೆ ಕಾರಿನ ಒಳದೀಪ ಹಚ್ಚಬೇಕು, ಎರಡೂ ಕೈಗಳನ್ನು ಸ್ಟೀರಿಂಗ್ ಮೇಲೆ ಕಾಣುವಂತೆ ಇಡಬೇಕು, ಬಂದೂಕು ಇರುವ ಬದಿಯಲ್ಲಿ ಪರ್ಸ್ ಇಡಬಾರದು, ವಾಕ್ಯವನ್ನು ಬಂದೂಕಿನಿಂದ ಆರಂಭಿಸದೆ ಪರವಾನಗಿಯಿಂದ ಆರಂಭಿಸಬೇಕು, ಅಧಿಕಾರಿ ಹೇಳುವವರೆಗೆ ಕದಲಬಾರದು. ಸಲಹೆಗಳು ಒಳ್ಳೆಯವೇ ಆದರೂ ಅವೆಲ್ಲ ನಾಗರಿಕನ ಕೈ, ನಾಲಗೆಗಳನ್ನು ಕುರಿತವು. ತಿಳಿಸುವ ಕರ್ತವ್ಯದ ಕಾನೂನುಗಳು ಅಧಿಕಾರಿಗೆ ಹೆಚ್ಚೆಂದರೆ ತಡೆ ಮುಗಿಯುವವರೆಗೆ ಬಂದೂಕನ್ನು ತನ್ನ ವಶದಲ್ಲಿ ಇಟ್ಟುಕೊಳ್ಳುವ ಅಧಿಕಾರ ಕೊಡುತ್ತವೆಯೇ ಹೊರತು, ಮೊದಲು ಕೈಗಳನ್ನು ಎಲ್ಲಿಡಬೇಕೆಂದು ಹೇಳು, ಒಂದು ಸಲಕ್ಕೆ ಒಂದೇ ಆಜ್ಞೆ ಕೊಡು ಎಂದು ಸಾಮಾನ್ಯವಾಗಿ ವಿಧಿಸುವುದಿಲ್ಲ.

ಇಬ್ಬರ ನಡೆಯನ್ನು ಅಳೆಯುವ ಅಳತೆಗೋಲುಗಳೂ ಬೇರೆ. ನಾಗರಿಕನ ತಪ್ಪನ್ನು ಶಾಸನದ ನಿಖರ ಪದಗಳಿಂದ ಅಳೆದರೆ, ಅಧಿಕಾರಿಯ ಬಲಪ್ರಯೋಗವನ್ನು, 1989ರ ಗ್ರಹಾಂ ವಿರುದ್ಧ ಕಾನರ್ ತೀರ್ಪಿನ ಪ್ರಕಾರ, ಅದೇ ಜಾಗದಲ್ಲಿದ್ದ ವಿವೇಕಿ ಅಧಿಕಾರಿಗೆ ಆ ಕ್ಷಣಕ್ಕೆ ಏನು ತೋಚುತ್ತಿತ್ತು ಎಂಬುದರಿಂದ ಅಳೆಯಲಾಗುತ್ತದೆ. ಸ್ಪಷ್ಟವಾಗಿ ಸ್ಥಾಪಿತವಾದ ಹಕ್ಕನ್ನು ಮುರಿಯದಿದ್ದರೆ ಅಧಿಕಾರಿಯ ಮೇಲೆ ಪರಿಹಾರದ ಮೊಕದ್ದಮೆ ನಡೆಯದು ಎಂಬ ಅರ್ಹ ವಿನಾಯಿತಿಯ ತತ್ತ್ವವೂ ಇದಕ್ಕೆ ಸೇರಿಕೊಳ್ಳುತ್ತದೆ.

ಇತ್ತೀಚೆಗೆ ಅಧಿಕಾರಿಯನ್ನು ಹೀಗೆ ಕಾಯುವ ಗೋಡೆಯಲ್ಲಿ ಎರಡು ಬಿರುಕುಗಳು ಕಾಣಿಸಿವೆ. 2018ರಲ್ಲಿ ಕನೆಕ್ಟಿಕಟ್‌ನ ವಾಟರ್‌ಬರಿಯಲ್ಲಿ, ದಾರಿ ತೋರಿಸುತ್ತಿದ್ದ ಫೋನ್ ಸ್ಥಗಿತಗೊಂಡು ಕಾರು ನಿಲ್ಲಿಸಿಕೊಂಡಿದ್ದ ಚಾಲಕನೊಬ್ಬ, ವಿಚಾರಿಸಲು ಬಂದ ಅಧಿಕಾರಿಗೆ ಚಾಲನಾ ಪರವಾನಗಿಯ ಜೊತೆಗೆ ಪಿಸ್ತೂಲಿನ ಪರವಾನಗಿಯನ್ನೂ ಕೊಟ್ಟು, ಬಾಗಿಲಿನ ಖಾನೆಯಲ್ಲಿ ಪಿಸ್ತೂಲು ಇದೆಯೆಂದ. ಅಧಿಕಾರಿ ಅವನನ್ನು ಕೆಳಗೆಳೆದು, ಕೈಕೋಳ ತೊಡಿಸಿ, ಪೊಲೀಸ್ ಕಾರಿನಲ್ಲಿ ಕೂರಿಸಿ, ಡಿಕ್ಕಿ ಸಮೇತ ಕಾರನ್ನೆಲ್ಲ ಶೋಧಿಸಿದ. ಪರವಾನಗಿ ಕೈಯಲ್ಲಿರುವಾಗ ಅದು ನಕಲಿ ಇರಬಹುದೆಂಬ ಬರಿಯ ಊಹೆಯಿಂದ ಬಂಧನಕ್ಕೆ ಆಧಾರ ಹುಟ್ಟದು ಎಂದು 2024ರಲ್ಲಿ ಎರಡನೆಯ ವಲಯದ ಮೇಲ್ಮನವಿ ನ್ಯಾಯಾಲಯ ಹೇಳಿ, ಅಧಿಕಾರಿಗೆ ಅರ್ಹ ವಿನಾಯಿತಿಯನ್ನು ನಿರಾಕರಿಸಿತು. ಬಂದೂಕಿನ ಪ್ರಕರಣವಲ್ಲದಿದ್ದರೂ ವಾಹನ ತಡೆಗೇ ಸಂಬಂಧಿಸಿದ 2025ರ ಬಾರ್ನ್ಸ್ ವಿರುದ್ಧ ಫೆಲಿಕ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗುಂಡು ಹಾರಿಸಿದ ಕ್ಷಣವನ್ನಷ್ಟೇ ಕತ್ತರಿಸಿ ನೋಡದೆ ಅದಕ್ಕೆ ಮೊದಲಿನ ಸಂದರ್ಭವನ್ನೆಲ್ಲ ಪರಿಗಣಿಸಬೇಕೆಂದು ಒಮ್ಮತದಿಂದ ವಿಧಿಸಿತು.

ಗಡಿಯ ಆಚೆ ಈಚೆ

ಒಂದು ರಾಜ್ಯದ ಪರವಾನಗಿಯನ್ನು ಇನ್ನೊಂದು ರಾಜ್ಯ ಮಾನ್ಯ ಮಾಡಬೇಕೆಂಬ ರಾಷ್ಟ್ರವ್ಯಾಪಿ ನಿಯಮ ಅಮೆರಿಕದಲ್ಲಿಲ್ಲ. ಆದ್ದರಿಂದ ಪೆನ್ಸಿಲ್ವೇನಿಯಾದಲ್ಲಿ ಹಕ್ಕುದಾರನಾದವನು ಸೇತುವೆ ದಾಟಿ ನ್ಯೂಜೆರ್ಸಿಗೆ ಕಾಲಿಟ್ಟರೆ ಗಂಭೀರ ಅಪರಾಧಿಯಾಗಬಹುದು. 1986ರ ಫೆಡರಲ್ ಕಾನೂನೊಂದು ಹಾದುಹೋಗುವ ಪ್ರಯಾಣಿಕನಿಗೆ ಕಿರಿದಾದ ರಕ್ಷಣೆ ಕೊಡುತ್ತದೆ: ಬಂದೂಕಿನಲ್ಲಿ ಗುಂಡು ಇರಬಾರದು, ಅದು ಕೈಗೆಟುಕುವಂತಿರಬಾರದು, ಹೊರಟ ಮತ್ತು ತಲುಪುವ ಎರಡೂ ಕಡೆ ಅದು ಕಾನೂನುಬದ್ಧವಾಗಿರಬೇಕು. 2005ರಲ್ಲಿ ಯೂಟಾದ ಪ್ರಯಾಣಿಕನೊಬ್ಬ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬಂದೂಕನ್ನಿಟ್ಟು ವಿಮಾನದ ಸರಕಾಗಿ ಒಪ್ಪಿಸಿದ್ದ; ಮುಂದಿನ ವಿಮಾನ ತಪ್ಪಿ, ಪೆಟ್ಟಿಗೆ ಅವನ ಕೈಗೇ ಬಂದು, ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ರಾತ್ರಿ ಕಳೆಯಬೇಕಾಯಿತು. ಮರುದಿನ ವಿಮಾನ ನಿಲ್ದಾಣದಲ್ಲಿ ಅದನ್ನು ಮತ್ತೆ ಘೋಷಿಸಿದಾಗ ಬಂಧನವಾಗಿ ಕೆಲವು ದಿನ ಜೈಲಿನಲ್ಲಿದ್ದ. ಹೋಟೆಲಿನಲ್ಲಿ ಬಂದೂಕು ಕೈಗೆಟುಕುವಂತಿದ್ದುದರಿಂದ ಫೆಡರಲ್ ರಕ್ಷಣೆ ಸಿಗದು ಎಂದು 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಇಲ್ಲಿಯೂ ಸಿಕ್ಕಿಬಿದ್ದವನು ತಾನಾಗಿಯೇ ಹೇಳಿಕೊಂಡವನು.

ಬಣ್ಣದ ಪ್ರಶ್ನೆ

ಕಪ್ಪು ಜನರ ಕೈಯಲ್ಲಿನ ಬಂದೂಕನ್ನು ಕಾನೂನು ಬೇರೆ ಕಣ್ಣಿನಿಂದ ನೋಡಿದ ಚರಿತ್ರೆ ಹಳೆಯದು. ಮನೆಯ ಮೇಲೆ ಬಾಂಬು ದಾಳಿಯಾದ ಮೇಲೆ, 1956ರಲ್ಲಿ ಅಲಬಾಮದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಶಸ್ತ್ರ ಪರವಾನಗಿಗೆ ಸಲ್ಲಿಸಿದ ಅರ್ಜಿ ತಿರಸ್ಕೃತವಾಯಿತು. ವಿವೇಚನಾಧೀನ ಪದ್ಧತಿ ಯಾರ ವಿರುದ್ಧ ಬಳಕೆಯಾಗಬಹುದು ಎಂಬುದಕ್ಕೆ ಅದು ಉದಾಹರಣೆ. ಓಕ್‌ಲ್ಯಾಂಡ್‌ನ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಆಗಿನ ಕಾನೂನಿಗೆ ಒಳಪಟ್ಟೇ ಬಂದೂಕು ಹಿಡಿದು, ಪೊಲೀಸರು ಕಪ್ಪು ಜನರನ್ನು ತಡೆಯುವ ಜಾಗಗಳಲ್ಲಿ ನಿಂತು ಕಣ್ಣಿಟ್ಟಾಗ, ಕ್ಯಾಲಿಫೋರ್ನಿಯ ಶಾಸನಸಭೆ 1967ರಲ್ಲಿ ಮಲ್ಫರ್ಡ್ ಕಾಯ್ದೆಯನ್ನು ತಂದು ಸಾರ್ವಜನಿಕವಾಗಿ ಗುಂಡು ತುಂಬಿದ ಬಂದೂಕು ಒಯ್ಯುವುದನ್ನೇ ನಿಷೇಧಿಸಿತು. ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್. ಪರವಾನಗಿಯ ಕಚೇರಿಯಲ್ಲಿ ವಿವೇಚನೆಯನ್ನು ತೆಗೆದುಹಾಕಿದರೆ ಈ ತಾರತಮ್ಯ ಕೊನೆಗಾಣುತ್ತದೆ ಎಂಬ ವಾದ ಬ್ರೂಯೆನ್ ಪ್ರಕರಣದಲ್ಲಿಯೂ ಕೇಳಿಬಂತು. ಕಾಗದದ ಮಟ್ಟಿಗೆ ಆ ವಾದ ನಿಜ. ಆದರೆ ಯಾರನ್ನು ನಿಲ್ಲಿಸಬೇಕು, ಯಾರ ಕೈಚಲನೆಯಲ್ಲಿ ಅಪಾಯ ಕಾಣಬೇಕು ಎಂಬ ರಸ್ತೆಬದಿಯ ವಿವೇಚನೆಯಲ್ಲಿ ಹಳೆಯ ಭಯ ಉಳಿದುಕೊಳ್ಳಬಲ್ಲದು ಎಂಬುದನ್ನು ಫಾಲ್ಕನ್ ಹೈಟ್ಸ್‌ನ ಸಂಜೆ ತೋರಿಸಿತು. ಬಂದೂಕನ್ನು ಕೈಯಲ್ಲೇ ಹಿಡಿದವನ ಪಾಡಂತೂ ಬಣ್ಣವನ್ನೂ ಮೀರಿದ್ದು: 2021ರಲ್ಲಿ ಕೊಲರಾಡೊದ ಅರ್ವಾಡದಲ್ಲಿ, ಪೊಲೀಸ್ ಅಧಿಕಾರಿಯನ್ನು ಕೊಂದವನನ್ನು ತನ್ನ ಪಿಸ್ತೂಲಿನಿಂದ ಹೊಡೆದುರುಳಿಸಿದ ನಾಗರಿಕನನ್ನು, ಆಮೇಲೆ ಬಂದ ಪೊಲೀಸನೊಬ್ಬ ಹಂತಕನೆಂದೇ ತಿಳಿದು ಕೊಂದ.

ಭಾರತದ ಕಾನೂನು ಮತ್ತು ಕನ್ನಡಿಗರು

ಭಾರತದಲ್ಲಿ ಇದೇ ಸಂದರ್ಭವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಬೇರೆ ರೀತಿಯಲ್ಲಿ ಕಟ್ಟಿದೆ. ಇಲ್ಲಿ ಬಂದೂಕು ಹಕ್ಕಲ್ಲ, ಸರ್ಕಾರ ಕೊಟ್ಟ ಅನುಮತಿ; ಆದ್ದರಿಂದ ಗೃಹೀತಗಳ ಘರ್ಷಣೆಗೆ ಅವಕಾಶ ಕಡಿಮೆ. ಕಾಯ್ದೆಯ 19ನೆಯ ಕಲಮು, ಶಸ್ತ್ರ ಒಯ್ಯುತ್ತಿರುವ ಯಾರನ್ನೇ ಆದರೂ ಪರವಾನಗಿ ತೋರಿಸುವಂತೆ ಕೇಳುವ ಅಧಿಕಾರವನ್ನು ಪೊಲೀಸರಿಗೆ ಕೊಡುತ್ತದೆ. ತೋರಿಸದಿದ್ದರೆ ಹೆಸರು, ವಿಳಾಸ ಕೇಳಿ ಶಸ್ತ್ರವನ್ನು ವಶಪಡಿಸಿಕೊಳ್ಳಬಹುದು. ಹೆಸರು ಹೇಳದೆ ಹೋದರೆ, ಸುಳ್ಳು ಹೇಳಿದನೆಂದೋ ಪರಾರಿಯಾಗುವನೆಂದೋ ಅನುಮಾನ ಬಂದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಮೊದಲು ಅಧಿಕಾರಿಯ ಪ್ರಶ್ನೆ, ನಂತರ ನಾಗರಿಕನ ಉತ್ತರ ಎಂಬ ಕ್ರಮ ಇಲ್ಲಿ ಶಾಸನದಲ್ಲೇ ಇದೆ.

ಕರ್ನಾಟಕದೊಳಗೆ ಕೊಡಗಿನ ಸ್ಥಿತಿ ಇದಕ್ಕೆ ಹೊರತಾದದ್ದು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಪರವಾನಗಿಯಿಲ್ಲದೆ ಶಸ್ತ್ರ ಹೊಂದುವ ಇಲ್ಲಿನ ಹಕ್ಕು ಸಮುದಾಯ ಮತ್ತು ಹಿಡುವಳಿಗೆ ಅಂಟಿಕೊಂಡದ್ದು, ವಿನಾಯಿತಿ ಪತ್ರದಿಂದ ದೃಢಪಡುವಂಥದು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ಇನ್ನೊಂದು ಕಾರಣಕ್ಕೆ ಮುಖ್ಯ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಹೊಂದುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಇದ್ದವರಿಗೆ ಇರುವಂಥ ಕೆಲವೇ ವಿನಾಯಿತಿಗಳಿವೆ, ಮತ್ತು 2022ರಿಂದ ಗರಿಷ್ಠ ಶಿಕ್ಷೆ 15 ವರ್ಷ. ರಾಜ್ಯದ ಕಾನೂನು ಪರವಾನಗಿ ಬೇಡವೆಂದರೂ ಈ ನಿಷೇಧ ಉಳಿಯುತ್ತದೆ. ಗ್ರೀನ್ ಕಾರ್ಡ್ ಹೊಂದಿದವರಿಗೆ ನಿಷೇಧವಿಲ್ಲವಾದರೂ, ಬಂದೂಕಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಅವರನ್ನು ದೇಶದಿಂದ ಹೊರಹಾಕಬಹುದು. ಪೌರತ್ವ ಪಡೆದವನು ದಂಡ ಕಟ್ಟಿ ಪಾರಾಗಬಹುದಾದ ತಪ್ಪು, ಇವರ ಪಾಲಿಗೆ ನೆಲೆಯನ್ನೇ ಕಳೆಯಬಲ್ಲದು.

ಒಟ್ಟಿನಲ್ಲಿ ನೋಡಿದರೆ

ಅಧಿಕಾರಿಯ ಭಯವನ್ನು ಕಲ್ಪಿತವೆಂದು ತಳ್ಳಿಹಾಕಲಾಗದು. ಬಂದೂಕು ಎಲ್ಲೆಡೆ ಇರುವ ದೇಶದಲ್ಲಿ ಕತ್ತಲ ರಸ್ತೆಯಲ್ಲಿ ಅಪರಿಚಿತ ಕಾರಿನ ಬಳಿಗೆ ನಡೆಯುವವನಿಗೆ ಎಚ್ಚರ ಬೇಕೇ ಬೇಕು. ಆದರೆ ಕೋಟ್ಯಂತರ ನಾಗರಿಕರಿಗೆ ಶಸ್ತ್ರ ಒಯ್ಯುವ ಹಕ್ಕನ್ನು ಕೊಟ್ಟ ಮೇಲೆ, ಶಸ್ತ್ರಧಾರಿಯನ್ನು ಎದುರಿಸುವುದು ಪೊಲೀಸರಿಗೆ ಅಪರೂಪದ ಅಪಾಯವಾಗಿರದೆ ದಿನನಿತ್ಯದ ಕೆಲಸವಾಗಿಬಿಡುತ್ತದೆ. ದಿನನಿತ್ಯದ ಕೆಲಸಕ್ಕೆ ನಿಗದಿತ ಕ್ರಮ ಇರಬೇಕು. ಇದುವರೆಗಿನ ಶಾಸನಗಳು ಆ ಕ್ರಮವನ್ನು ಒಂದು ಬದಿಗೆ ಮಾತ್ರ ಬರೆದಿವೆ. ಟೆಕ್ಸಾಸ್ 2017ರಲ್ಲಿ ವಾಹನ ತಡೆಯ ಸಂದರ್ಭದ ನಡವಳಿಕೆಯನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಪೊಲೀಸರಿಗೂ ಕಲಿಸಬೇಕೆಂದು ಕಾನೂನು ಮಾಡಿದ್ದು ಎರಡು ಬದಿಯನ್ನೂ ನೋಡುವ ಯತ್ನವಾದರೂ, ಪಾಠಕ್ಕೂ ಕಟ್ಟಳೆಗೂ ಅಂತರವಿದೆ. ಬಂದೂಕು ಇದೆಯೆಂದು ಹೇಳದವನಿಗೆ ದಂಡ ವಿಧಿಸುವ ರಾಜ್ಯ, ಹೇಳಿದವನನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನೂ ಅದೇ ಕಲಮಿನಲ್ಲಿ ಬರೆದು, ಅದನ್ನು ಮುರಿದ ಅಧಿಕಾರಿಗೂ ಪರಿಣಾಮವನ್ನು ನಿಗದಿಪಡಿಸಿದರೆ, ತಿಳಿಸುವ ಕರ್ತವ್ಯಕ್ಕೆ ಪ್ರತಿಯಾಗಿ ಕೇಳಿಸಿಕೊಳ್ಳುವ ಕರ್ತವ್ಯವೂ ಕಾನೂನಿನಲ್ಲಿ ಸ್ಥಾನ ಪಡೆಯುತ್ತದೆ. ಅಲ್ಲಿಯವರೆಗೆ ಪರವಾನಗಿದಾರನಿಗೆ ಸುಳ್ಳು ಹೇಳುವವನಿಗಿಂತ ನಿಜ ಹೇಳುವವನೇ ಹೆಚ್ಚು ಅಪಾಯದಲ್ಲಿದ್ದಾನೆ ಎಂಬ ಅನುಮಾನ ಮೂಡಿದರೆ, ಆ ಅನುಮಾನವನ್ನು ಹುಟ್ಟಿಸಿದ ಹೊಣೆ ಶಾಸನದ್ದೇ ಆಗಿರುತ್ತದೆ.